ಆಮೆಯ ಹೊಸ್ತಿಲು

ಮನೆ ಎನ್ನುವುದು ಎಲ್ಲಿಂದ ಶುರುವಾಗುತ್ತದೆ? ಹೊರಗಿನ ಕಟ್ಟೆ ಮನೆಯಲ್ಲ; ಅಲ್ಲಿ ದಾರಿಹೋಕರೂ ಕೂರುತ್ತಾರೆ. ಮೇಲಿನ ಮಾಳಿಗೆ ಮನೆಯೋ ಅಲ್ಲವೋ? ಉಮಾಪತಿಗೆ ತೀರ್ಮಾನಕ್ಕೆ ಬರಲಾಗಲಿಲ್ಲ. ಹೈದರಾಬಾದಿಗೆ ಹೋಗಿ ಬಿ.ಎ. ಮುಗಿಸಿ ಬಂದು, ಕುಷ್ಟಗಿಯ ವಕೀಲರೊಬ್ಬರ ಕೈಕೆಳಗೆ ಉರ್ದು ಅರ್ಜಿಗಳನ್ನು ಬರೆಯುತ್ತಿದ್ದ ಅವನು ಇಷ್ಟು ತೊಡಕಿನ ಮೊಕದ್ದಮೆಯನ್ನು ಇನ್ನೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಬುಟ್ಟಿಯೊಂದನ್ನು ಬೋರಲು ಹಾಕಿ, ಹೆಂಡತಿ ಪಾರ್ವತೆಮ್ಮ ಅದಕ್ಕೆ ಕಾವಲು ಕೂತಿದ್ದಳು. ಬುಟ್ಟಿಯೊಳಗೆ ಆಮೆ ಇತ್ತು.

ಸಿದ್ದಾಪುರದ ತವರಿನಲ್ಲಿ ಅವಳು ಚಿಕ್ಕಂದಿನಿಂದ ಸಾಕಿದ ಆಮೆ ಅದು. ತಂದೆ ತೀರಿಕೊಂಡು ಅಲ್ಲಿಯ ಬಾಗಿಲಿಗೆ ಬೀಗ ಬಿದ್ದ ಮೇಲೆ ಯಾರದೋ ಬಂಡಿಯಲ್ಲಿ ಇಲ್ಲಿಗೆ ಬಂದಿತ್ತು. ಹಿಂದಿನ ದಿನ ಬೀದಿನಾಯಿಯೊಂದು ಅದನ್ನು ಅಂಗಾತ ಕೆಡವಿ ಚಿಪ್ಪಿನ ಅಂಚನ್ನು ಕಡಿದಿತ್ತು. ಒಳಗೆ ಇಡದೆ ಗತಿಯಿರಲಿಲ್ಲ. ಆದರೆ ಬಾಗಿಲಲ್ಲಿ ಅತ್ತಿಗೆ ಶಿವಬಸಮ್ಮ ನಿಂತಿದ್ದಳು. ಆಮೆ ಹೊಸ್ತಿಲು ದಾಟಿದರೆ ಮನೆ ಬರಿದಾಗುತ್ತದೆಂದು ಅವಳು ನಂಬಿದ್ದಳು. ಕೆಟ್ಟವಳೇನಲ್ಲ, ಬದನೆಕಾಯಿ ಹೋಳನ್ನು ತಾನೇ ತಂದು ಅದಕ್ಕೆ ತಿನ್ನಿಸಿದ್ದಳು, ಹೊಸ್ತಿಲ ಆಚೆಗೆ.

"ಹೊರಗಿದ್ದರ ನಾಯಿ ಅದನ್ನ ಬಿಡಂಗಿಲ್ರಿ ವೈನಿ," ಎಂದ ಉಮಾಪತಿ.

"ಒಳಗ ಬಂದರ ಅದು ನಮ್ಮನ್ನ ಬಿಡಂಗಿಲ್ಲೋ ತಮ್ಮಾ."

ಮಾಳಿಗೆಯ ಮೇಲೆ ಇಡಬಹುದೇ ಎಂದು ಕೇಳಿದ. ನೆತ್ತಿಯ ಮೇಲೆ ಆಮೆ ಇಟ್ಟುಕೊಂಡು ಯಾರಾದರೂ ಬಾಳ್ಯಾರೇ ಎಂದಳು. ದನ ಕಟ್ಟುವ ಜಾಗವೂ ಆಗಲಿಲ್ಲ. ದನಗಳೂ ಇದೇ ತಲೆಬಾಗಿಲಿನಿಂದ ಒಳಗೆ ಬರುವಂಥವು. ಕೊನೆಗೆ ಉಮಾಪತಿಗೆ ಉಪಾಯ ಹೊಳೆಯಿತು. ಪಡಸಾಲೆಯ ತುದಿಯಲ್ಲಿ ತಾನೂ ಪಾರ್ವತೆಮ್ಮನೂ ಇರುವ ಕೋಣೆಗೆ ಬಾಗಿಲಿತ್ತು, ಹೊಸ್ತಿಲಿರಲಿಲ್ಲ. ಅಲ್ಲೊಂದು ಎತ್ತರದ ಹೊಸ್ತಿಲು ಕೂಡಿಸಿದರೆ ಅದೇ ಬೇರೆ ಮನೆಯಾಯಿತು, ಆಮೆಯೂ ಅದನ್ನು ಹತ್ತಿ ಹೊರಗೆ ಬರಲಾರದು. ತಲೆಬಾಗಿಲಿನಿಂದ ತರುವುದೇ ಬೇಡ, ಹಿತ್ತಲ ಕಡೆಯ ಕಿಟಕಿಯಿಂದ ಇಳಿಸೋಣ ಎಂದ.

"ಮುಂದ ಕೆಟ್ಟದ್ದಾತಂದ್ರ?"

"ಆ ಹೊಸ್ತಲದ ಒಳಗಿನವರಿಗೆ ಆಗ್ತದ. ನಿಮಗಲ್ಲ."

ಶಿವಬಸಮ್ಮ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಯೋಚಿಸಿ, ಆಗಲಿ ಎಂದಳು.

ಬಡಿಗೇರ ಹಂಪಣ್ಣ ಬೇವಿನ ತೊಲೆ ಕೆತ್ತಿ ತಂದ. ಪೂಜೆಯಿಲ್ಲದೆ ಹೊಸ್ತಿಲು ಕೂಡಿಸುವುದಿಲ್ಲ ಎಂದ. ಅರಿಸಿನ ಕುಂಕುಮ ಹಚ್ಚಿದ್ದು, ಮಾವಿನೆಲೆ ಕಟ್ಟಿದ್ದು ಶಿವಬಸಮ್ಮನೇ. ಕಾಯಿ ಒಡೆದ ಹಂಪಣ್ಣ ಯಾಕೋ ಉಮಾಪತಿಯ ಮುಖ ನೋಡದೆ ಹೊರಟುಹೋದ. ಆಮೆ ಕಿಟಕಿಯಿಂದ ಇಳಿಯಿತು. ಮೂಲೆಯಲ್ಲಿ ಉಸುಕು ಹರವಿ, ಹುಲ್ಲು ಹಾಸಿ, ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟರು. ಅದು ಹೊಸ ಹೊಸ್ತಿಲನ್ನು ತಲೆಯಿಂದ ದೂಡಿ ದೂಡಿ ನೋಡಿ, ದಣಿದು ಹುಲ್ಲಿನೊಳಗೆ ಸೇರಿಕೊಂಡಿತು. ಅಂದಿನಿಂದ ಪಾರ್ವತೆಮ್ಮ ಸೊಪ್ಪು ಸೋಸುವುದು ಹೊಸ್ತಿಲ ಒಳಗೇ. ಶಿವಬಸಮ್ಮ ಈಚೆ ನಿಂತು "ಬರಲೇನವಾ?" ಎಂದು ಕೇಳುತ್ತಿದ್ದಳು. ಮೊದಮೊದಲು ಅದು ನಗೆಚಾಟಿಕೆಯಾಗಿತ್ತು.

ಎತ್ತು ಕೊಳ್ಳಲು ಗಂಗಾವತಿಗೆ ಹೋಗಿದ್ದ ಅಣ್ಣ ದೊಡ್ಡಬಸಪ್ಪ ಮರಳಿ ಬಂದ. ತಂದೆಯಿಲ್ಲದ ತಮ್ಮನನ್ನು ಬೆಳೆಸಿ ಓದಿಸಿದವನು ಅವನು. ಎಂಥ ಎತ್ತು ತಂದರೂ ಮೊದಲು ತಮ್ಮನನ್ನು ಕರೆದು ತೋರಿಸುವವನು ಇಂದು ಕರೆಯಲಿಲ್ಲ. ಸೀದಾ ಪಡಸಾಲೆಯ ತುದಿಗೆ ಬಂದು, ಕುಂಕುಮ ಇನ್ನೂ ಪೂರ್ತಿ ಮಾಸಿರದ ಹೊಸ್ತಿಲನ್ನು ನೋಡಿದ. ಆ ಸೀಮೆಯಲ್ಲಿ ಒಂದೇ ಮಾಳಿಗೆಯ ಕೆಳಗೆ ಪೂಜೆ ಮಾಡಿ ಇನ್ನೊಂದು ಹೊಸ್ತಿಲು ಕೂಡಿಸಿದರೆಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ದಾರಿಗಳು ಕೂಡುವಲ್ಲಿ ಅಂಗಡಿ ಇಟ್ಟಿದ್ದ ಮೆಹಬೂಬಸಾಬ ಈ ಸುದ್ದಿ ಹೇಳಿದಾಗ, ಸುಳ್ಳು ಹೇಳುತ್ತೀ ಎಂದು ದೊಡ್ಡಬಸಪ್ಪ ಅವನೊಡನೆ ಜಗಳವಾಡಿ ಬಂದಿದ್ದ.

ಒಳಗೆ ಬರಲೆಂದು ಎತ್ತಿದ ಕಾಲನ್ನು ದೊಡ್ಡಬಸಪ್ಪ ಹಿಂದಕ್ಕೆ ತೆಗೆದುಕೊಂಡ. ಬೇರೆಯವರ ಮನೆಗೆ ಕರೆಯದೆ ಹೋಗುವ ರೂಢಿ ಅವನಿಗಿರಲಿಲ್ಲ.

"ಬ್ಯಾರೆ ಆಗಬೇಕನಿಸಿತ್ತಂದ್ರ ಬಾಯಿ ಬಿಟ್ಟು ಹೇಳಬಾರದಿತ್ತೇನೋ ತಮ್ಮಾ? ನಾ ಊರಾಗ ಇಲ್ಲದಾಗ ಯಾಕ?"

ಈ ಅರ್ಥ ತನಗೆ ಹೊಳೆದೇ ಇರಲಿಲ್ಲ ಎನ್ನಬೇಕೆಂದಿದ್ದ ಉಮಾಪತಿ. ಹೊಳೆದಿರಲಿಲ್ಲವೇ? ಅತ್ತಿಗೆಯ ಕಡೆ ನೋಡಿದ, ಅವಳಾದರೂ ಹೇಳಲಿ ಎಂದು. ಗಂಡನಿಗೆ ಕಾಲು ತೊಳೆಯಲು ನೀರು ತರುತ್ತೇನೆಂದು ಅವಳು ಒಳಗೆ ನಡೆದಳು. ಒಂದು ತಂಬಿಗೆ ನೀರಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

ದೊಡ್ಡಬಸಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಹೊಲದ ಮಾತು ನಾಳೆ ಆಡೋಣ, ಹೊಸ ಎತ್ತಿನ ಜೋಡಿ ನೀನೇ ಇಟ್ಟುಕೋ ಎಂದ. ಆಮೇಲೆ ಕೋಣೆಯ ಕತ್ತಲಿನತ್ತ ತಿರುಗಿ ಕೇಳಿದ:

"ಒಲಿ ಎಲ್ಲಿ ಹೂಡ್ತೀಯವಾ ಪಾರ್ವತಿ?"

ಮದುವೆಯಾದಂದಿನಿಂದ ಪಾರ್ವತೆಮ್ಮ ಭಾವನ ಎದುರು ಮಾತಾಡಿದವಳಲ್ಲ. ಆದರೆ ಬಾಗಿಲ ಮರೆಯಿಂದ ಅವಳ ಕೈ ಸ್ವಲ್ಪವೂ ತಡಮಾಡದೆ ಮೇಲೆದ್ದು, ಆಮೆಗೆ ಹುಲ್ಲು ಹಾಸಿದ್ದ ಮೂಲೆಯನ್ನು ತೋರಿಸಿತು.

ಹೊಸ್ತಿಲು ಕೂಡಿಸಿದ್ದು ಆಮೆಗಾಗಿ ಎಂಬ ಮಾತನ್ನು ಉಮಾಪತಿ ಅಣ್ಣನಿಗೆ ಎಂದೂ ಹೇಳಲಿಲ್ಲ.