ಕುಯ್ದ ಹಗ್ಗ

"ನಿಮ್ಮ ರಾಕ್ಷಸನಿಗೆ ನನ್ನ ಮೋರೆಯೇ ಬೇಕಿತ್ತಾ ಮೇಷ್ಟ್ರೇ?" ಜಡೆಯ ಮೇಷ್ಟರು ಬರೆದ ಕಾದಂಬರಿಯನ್ನು ಜಗಲಿಯ ಮೇಲೆ ಒಗೆದ. "ಕರಡಿ ಹರಿದ ಕಿವಿ ಈ ಊರಲ್ಲಿ ಇನ್ಯಾರಿಗೈತೆ?"

"ಒಳ್ಳೇದು ಕೆಟ್ಟದ್ದರ ಹೋರಾಟದ ಸಾಹಸಕಥೆಯಪ್ಪಾ ಅದು. ಕೊನೆಗೆ ದೇವರು ಅವನನ್ನೂ ಕ್ಷಮಿಸ್ತಾನೆ," ಎಂದು ಮೇಷ್ಟರು ನಕ್ಕರು.

ಮೇಷ್ಟರ ಹೆಂಡತಿ ಕೇತಮ್ಮ ರಾಗಿ ಬೀಸುತ್ತಲೇ ಇದ್ದಳು. ಜಡೆಯ ಅವಳ ಒಡಹುಟ್ಟಿದ ಅಣ್ಣ; ಆದರೂ ಹನ್ನೆರಡು ವರ್ಷದಿಂದ ಅವನ ಮುಖ ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹೆಜ್ಜೇನಿಗೆಂದು ಬಂಡೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೇ ಕಾಯಬೇಕೆಂಬುದು ಅವರ ಕುಲದ ಕಟ್ಟಳೆ. ತಂಗಿಯನ್ನು ಮುಂಡೆ ಮಾಡಲು ಯಾವ ಅಣ್ಣನೂ ಒಪ್ಪಲಾರ ಎಂಬ ನಂಬಿಕೆ. ಅವಳ ಮೊದಲ ಗಂಡ ಇಳಿದ ದಿನ ಜಡೆಯ ಹೆಂಡ ಕುಡಿದು ಮಲಗಿದ್ದ, ಹಗ್ಗ ಹರಿದು ಗಂಡ ಬಿದ್ದು ಸತ್ತ. ಎರಡು ವರ್ಷದ ಮೇಲೆ ಮೇಷ್ಟರು ಅವಳ ಕೈ ಹಿಡಿದರು.

"ಕುಡಿದದ್ದು ನನ್ನ ಪಾಪ. ಆದ್ರೆ ನಾನು ಹಗ್ಗ ಕುಯ್ದೆ ಅಂತ ಬರೆಯೋಕೆ ನಿಮಗೆ ಕೈ ಹೆಂಗೆ ಬಂತು?"

"ಅಂಥಾದ್ದು ಏನು ಬರ್ದಿದ್ದೀರಿ? ಓದಿ, ಕೇಳುವಾ," ಎಂದಳು ಓದು ಬಾರದ ಕೇತಮ್ಮ.

ಮೇಷ್ಟರು ಗಂಟಲು ಸರಿಮಾಡಿಕೊಂಡು ಓದಿದರು: "ರಾಕ್ಷಸನು ಕುಡುಗೋಲಿನಿಂದ ಹಗ್ಗ ಕುಯ್ಯತೊಡಗಿದ. ಕೆಳಗೆ ನೇತಾಡುತ್ತಿದ್ದವನು ತಲೆಯೆತ್ತಿ, 'ಬೇಡ ಕಣೋ, ನನ್ನ ಗೊರವಂಕ ಒಂಟಿಯಾಗ್ತಾಳೆ' ಎಂದು ಕೂಗಿದ..."

ಬೀಸುಕಲ್ಲು ನಿಂತಿತು.

"ತೀರಿಕೊಂಡವನು ನನ್ನನ್ನ ಗೊರವಂಕ ಅಂತ ಕರೀತಿದ್ದುದು ಕಂಬಳಿಯೊಳಗೆ ಮಾತ್ರ. ನಮ್ಮಣ್ಣನಿಗೂ ಗೊತ್ತಿಲ್ಲ. ನಿಮಗೆ ಯಾರು ಹೇಳಿದ್ರು?"

ಮೇಷ್ಟರು ಪುಸ್ತಕ ಮುಚ್ಚಿದರು.

ಕೇತಮ್ಮ ಎದ್ದು, "ನಡಿಯಣ್ಣಾ," ಎಂದಳು. ಆ ಹೊಸ್ತಿಲನ್ನು ಅವಳು ಮತ್ತೆ ತುಳಿಯಲಿಲ್ಲ.