ಚೌಗಲಾರ ಕೈ

ಪಗಾರದ ಸಭೆಯ ದಿನ ಮಾಲೀಕರೂ ಕೆಲಸಗಾರರೂ ಮೈ ಬದಲಿಸಿಕೊಳ್ಳುವುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ರೂಢಿಯಾಗಿತ್ತು. ಹಾಗಾಗಿ ಬರ್ಗರ್ ಅಂಗಡಿಯ ಕಸ್ತೂರಿ ಆವತ್ತು ಮಾಲೀಕ ಚೌಗಲಾರ ಮೈಯೊಳಗೆ, ಸಭೆಯ ಮೆತ್ತನೆ ಕುರ್ಚಿಯಲ್ಲಿ ಕೂತಿದ್ದಳು. ಚೌಗಲಾ ಅವಳ ಮೈಯಲ್ಲಿ ಬೆಳಗಿನಿಂದ ಕಾದ ಎಣ್ಣೆಯ ಮುಂದೆ ನಿಂತು ಆಲೂಗಡ್ಡೆ ಕರಿಯುತ್ತಿದ್ದರು.

ಪಗಾರ ಹೆಚ್ಚಿಸಲು ಕೈ ಎತ್ತಿ ಮತ ಹಾಕುವ ಹೊತ್ತು ಬಂತು. ಮಾಲೀಕರ ಮೈಯಲ್ಲಿ ಕೂತ ಕೆಲಸಗಾರರು ಅವರನ್ನು ಕೇಳದೆ ಅವರ ಕೈಯನ್ನು ಎತ್ತಿಬಿಡಲು ನಿಯಮದ ಅಡ್ಡಿಯಿರಲಿಲ್ಲ. ಆದರೆ ಮರುದಿನ ಮೋಸವೆಂದು ಕೆಲಸದಿಂದ ತೆಗೆದಾರೆಂಬ ಭಯಕ್ಕೆ ಯಾರೂ ಎತ್ತುತ್ತಿರಲಿಲ್ಲ. ಕಸ್ತೂರಿ ಅಂಗಡಿಗೆ ಫೋನು ಹಚ್ಚಿದಳು.

“ಸಾಹೇಬ್ರ, ಪಗಾರ ಹೆಚ್ಚು ಮಾಡಾಕ ನಿಮ್ಮ ಕೈ ಎತ್ತಲೇನ್ರಿ? ನೀವು ಹೂಂ ಅಂದ್ರಷ್ಟ ಎತ್ತತೀನಿ.”

ಆ ಕಡೆ ಚೌಗಲಾ ಇನ್ನೊಂದು ಸರದಿ ಆಲೂಗಡ್ಡೆಯನ್ನು ಎಣ್ಣೆಗೆ ಬಿಟ್ಟ ಸದ್ದು ಕೇಳಿಸಿತು. ಕಸ್ತೂರಿ ಅವಸರ ಮಾಡಲಿಲ್ಲ. ತನ್ನ ಮೊಣಕಾಲುಗಳ ಮೇಲೆ ಅವಳಿಗೆ ಪೂರ್ಣ ನಂಬಿಕೆಯಿತ್ತು.

“ಕಸ್ತೂರವ್ವ, ನಿನ್ನ ಮೊಣಕಾಲು ದಿನಾ ಹಿಂಗ ನೋಯ್ತಾವೇನು?” ಎಂದರು ಚೌಗಲಾ.

“ದಿನಾ ನೋಯ್ತಾವ್ರಿ.”

“ಹಂಗಾರ ಎತ್ತು. ಎಲ್ಲಾರಿಗೂ ಕಾಣೂಹಂಗ ಎತ್ತು.”

ಅವಳು ಆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಳು. ಉಳಿದ ಮಾಲೀಕರ ಮೈಗಳಲ್ಲಿ ಕೂತಿದ್ದವರು ಅದನ್ನು ನೋಡಿ, ಒಬ್ಬೊಬ್ಬರಾಗಿ ಫೋನು ಹೊರಗೆ ತೆಗೆದರು.