ಏರಿಯ ಕೆಳಗಿನ ಗುಡಿಸಲುಗಳು

"ಆ ಒಂದು ಸಾಲು ಸೇರಿಸದಿದ್ರೆ ಪುಸ್ತಕ ಅಚ್ಚಿಗೆ ಹೋಗಲ್ಲ ಮೇಡಂ," ಎಂದರು ತಿಪಟೂರಿನ ಪ್ರಕಾಶಕ ಮರುಳಪ್ಪ. "'ಇದರಲ್ಲಿ ಬರುವ ಜನ, ಘಟನೆ ಎಲ್ಲವೂ ಕಾಲ್ಪನಿಕ.' ಅಷ್ಟು ಹಾಕಿದ್ರೆ ಯಾರೂ ಕೇಸು ಹಾಕಂಗಿಲ್ಲ."

ಸ್ಪಂದನಳ ಕಾದಂಬರಿಯಲ್ಲಿ ಕೆರೆಯ ಏರಿ ತಾನಾಗಿ ಒಡೆಯುವುದಿಲ್ಲ. ಹಿನ್ನೀರು ತಮ್ಮ ತೆಂಗಿನ ತೋಟ ನುಂಗದಿರಲೆಂದು ದೊಡ್ಡವರು ಅದನ್ನು ಕಡಿಸುತ್ತಾರೆ. ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ಮಣ್ಣು ಕೆಲಸದವರು ಕೊಚ್ಚಿಹೋಗುತ್ತಾರೆ. ಸರ್ಕಾರ ಬರೆಸಿದ ಚರಿತ್ರೆ ಹೇಳುವುದೇ ಬೇರೆ: ಅತಿವೃಷ್ಟಿಯಿಂದ ಏರಿ ಒಡೆಯಿತು, ಪ್ರಾಣಹಾನಿ ಆಗಲಿಲ್ಲ.

ನಿಜ ಹೇಳಿದವಳು ಆ ಗುಡಿಸಲುಗಳಿಂದ ಬದುಕಿ ಉಳಿದ ಓಬಮ್ಮ. ಏರಿ ಒಡೆದ ರಾತ್ರಿ ಅವಳು ಎಳೆಮಗನನ್ನು ಸೆರಗಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಓಡಿದ್ದಳು. ನೀರು ಆ ಗಂಟು ಬಿಚ್ಚಿತ್ತು.

ಸ್ಪಂದನ ತಿಪಟೂರಿನಿಂದಲೇ ಬಸ್ಸು ಹತ್ತಿ ಓಬಮ್ಮನಿದ್ದ ಬಿಳಿಗೆರೆಗೆ ಹೋದಳು. ಓಬಮ್ಮ ಯಾರದೋ ತೋಟದ ಮನೆಯ ಅಂಗಳದಲ್ಲಿ ಕೊಬ್ಬರಿಯ ಕರಟ ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಸ್ಪಂದನ ಆ ರಾತ್ರಿಯ ಅಧ್ಯಾಯವನ್ನು ಓದಿ ಹೇಳಿದಳು. ಮುದುಕಿಯ ಕೈ ನಿಂತುಹೋಯಿತು.

"ಸಣ್ಣತಿಮ್ಮ ಅಂತಾನೇ ಬರ್ದಿದ್ದೀಯೇನವ್ವ?"

"ಹೂಂ ಅಜ್ಜಿ, ಅದೇ ಹೆಸ್ರು."

"ಇನ್ನೊಂದ್ಸಲ ಓದು."

ಸ್ಪಂದನ ಓದಿದಳು. ಓಬಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ. "ನನ್ ಮಗನ್ ಹೆಸ್ರು ಬ್ಯಾರೇರ ಬಾಯಲ್ಲಿ ಕೇಳಿದ್ದು ಇವತ್ತೇ ಕಣವ್ವ," ಎಂದಳು.

ಮಾತು ಬೇರೆಡೆ ತಿರುಗುವ ಮೊದಲೇ ಹೇಳಿಬಿಡಬೇಕೆಂದು ಸ್ಪಂದನ ಮರುಳಪ್ಪನವರ ಸಾಲಿನ ವಿಷಯ ಎತ್ತಿದಳು.

"ಕಾಲ್ಪನಿಕ ಅಂದ್ರೇನವ್ವ?"

"ಇಂಥೋರು ಯಾರೂ ಇರ್ಲಿಲ್ಲ, ಇಂಥದ್ದು ನಡೀಲೂ ಇಲ್ಲ ಅಂತ..." ಸ್ಪಂದನಳ ದನಿ ಇಳಿಯಿತು. "ಸುಮ್ನೆ ಹಾಕೋದು ಅಜ್ಜಿ. ಓದೋರಿಗೆ ಗೊತ್ತಾಗುತ್ತೆ. ಹಾಕ್ದಿದ್ರೆ ಪುಸ್ತಕಾನೇ ಬರಲ್ಲ."

ಓಬಮ್ಮ ತೋಟದ ಕಡೆ ನೋಡಿದಳು. ಆಮೇಲೆ ಇನ್ನೊಂದು ಕೊಬ್ಬರಿ ಕೈಗೆತ್ತಿಕೊಂಡಳು.

"ಹಾಕ್ಕೋ ಬುಡವ್ವ. ಅವತ್ತು ಜೀಪಲ್ಲಿ ಬಂದಿದ್ ಸಾಹೇಬ್ರೂ ನನ್ ಮುಂದೇನೇ ನಿಂತ್ಕೊಂಡು ಅಂಗೇ ಬರ್ಕೊಂಡೋದ್ರು."